ಮಗುಚಿಟ್ಟ ತಟ್ಟೆ

ನಮ್ಮ ಅತ್ತಿಗೆ ಚೆನ್ನಾಜಮ್ಮನ ಬಾಯಿ ಕಹಿಯಾಯ್ತು ಅನ್ನೋ ಸುದ್ದಿ ನಮ್ಮ ಬೀದಿ ದಾಟಿ ಪೇಟೆ ಮುಟ್ಟೋಕೆ ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಹಿಡಿಯಲಿಲ್ಲ. ನಾನು ಅವತ್ತು ಅಲ್ಲೇ ಇದ್ದೆ, ಅವಳ ಪಕ್ಕದಲ್ಲೇ ಕೂತಿದ್ದೆ, ಕಣ್ಣಾರೆ ನೋಡಿದೆ. ಒಬ್ಬ ಹೆಂಗಸಿನ ಬಾಯಿ ಕಹಿಯಾದರೆ ಊರಿಗೆ ಊರೇ ಬಂದು ಮನೆ ಮುಂದೆ ಯಾಕೆ ನಿಲ್ಲಬೇಕು ಅಂತ ನಿಮಗೆ ಅನ್ನಿಸುತ್ತೆ. ನೀವು ನಮ್ಮ ಊರಿನವರಲ್ಲ, ಅನ್ನಿಸಲಿ ಬಿಡಿ. ಹೇಳ್ತೀನಿ.

ನಮ್ಮಲ್ಲಿ ಮುಂದೆ ಆಗೋ ಮಾತನ್ನ ಯಾರೂ ಬರಿದೇ ಆಡಲ್ಲ. ಎಷ್ಟಾಣೆ ಅಂತ ಸೇರಿಸಿಯೇ ಆಡೋದು. ರೂಪಾಯಿಗೆ ಹದಿನಾರಾಣೆ ಇದ್ದ ಕಾಲದ ಲೆಕ್ಕ. ಹದಿನಾರಾಣೆ ಅಂದರೆ ಪೂರಾ ಖಾತ್ರಿ, ಎಂಟಾಣೆ ಅಂದರೆ ಆದರೂ ಆಯ್ತು ಇಲ್ಲದಿದ್ದರೂ ಇಲ್ಲ. ಹನ್ನೆರಡಾಣೆ ಮಳೆ ಬರುತ್ತೆ ಅಂತ ನೀವು ಹೇಳಿ, ಬಂದರೆ ನಾಲಿಗೆ ಮೇಲೆ ಬೆಲ್ಲದ ಚೂರು ಇಟ್ಟ ಹಾಗೆ ಸಿಹಿ. ಬರದೆ ಹೋದರೆ ಹಾಗಲಕಾಯಿ ಜಗಿದ ಹಾಗೆ ಕಹಿ. ಆಣೆ ಏರಿದಷ್ಟೂ ಕಹಿ ಏರುತ್ತೆ. ಮಾತು ಇತ್ಯರ್ಥವಾದ ಗಳಿಗೆಗೆ ಸರಿಯಾಗಿ ರುಚಿ ಬಂದುಬಿಡುತ್ತೆ, ಆಡಿದವನು ಆವಾಗ ಎಲ್ಲೇ ಇರಲಿ, ಏನೇ ಮಾಡ್ತಿರಲಿ. ಹಾಗಂತ ಹೆದರಿಕೊಂಡು ಎಲ್ಲದಕ್ಕೂ ಎಂಟಾಣೆ ಎಂಟಾಣೆ ಅಂತ ಕಾಲ ತಳ್ಳಿದರೆ ನಾಲಿಗೆ ಸಪ್ಪಗಾಗಿ ಉಪ್ಪು ಹುಳಿ ಖಾರ ಒಂದೂ ತಿಳಿಯದೆ ಹೋಗುತ್ತೆ. ಅಂಥವರನ್ನ ನಾವು ಎಂಟಾಣೆ ಗಿರಾಕಿ ಅಂತ ಆಡಿಕೊಳ್ತೀವಿ.

ಮಾತು ಕಲಿತ ಹೊಸದರಲ್ಲಿ ಮಕ್ಕಳು ಎಲ್ಲಕ್ಕೂ ಹದಿನಾರಾಣೆ ಅಂತಾವೆ. ಅಪ್ಪ ಮಿಠಾಯಿ ತರ್ತಾನೆ ಹದಿನಾರಾಣೆ, ಬೆಕ್ಕು ನನ್ನ ಹತ್ರ ಬರುತ್ತೆ ಹದಿನಾರಾಣೆ. ಆಮೇಲೆ ಥೂ ಥೂ ಅಂತ ಉಗುಳಿಕೊಂಡು ಅಳುತ್ತಾವೆ. ತಾಯಂದಿರು ಬಾಯಿಗೆ ಸಕ್ಕರೆ ಹಾಕಲ್ಲ, ಅಳಲಿ ಅಂತ ಬಿಡ್ತಾರೆ. ಹಾಲುಹಲ್ಲು ಬೀಳೋ ಹೊತ್ತಿಗೆ ಅದೇ ಮಕ್ಕಳು ಅಪ್ಪ ಒಂಬತ್ತಾಣೆ ತರ್ತಾನೆ, ಸಂತೆ ದಿನವಾದರೆ ಹನ್ನೊಂದು ಅನ್ನೋ ಮಟ್ಟಕ್ಕೆ ಬಂದಿರ್ತಾವೆ. ಯಾರೂ ಹೇಳಿಕೊಡೋದಿಲ್ಲ, ನಾಲಿಗೆಯೇ ಮೇಷ್ಟ್ರು. ಮದುವೆ ಮಾತುಕತೆಗೆ ಕೂತಾಗ ಗಂಡು ಕೊನೇವರೆಗೂ ಹನ್ನೊಂದಾಣೆ ಚೆನ್ನಾಗಿ ನೋಡ್ಕೋತೀನಿ ಅಂತಾನೆ, ಹೆಣ್ಣಿನ ಕಡೆಯವರು ಹನ್ನೆರಡು ಮಾಡಪ್ಪ ಅಂತ ಚೌಕಾಸಿಗೆ ಇಳೀತಾರೆ. ನಮ್ಮ ಅಣ್ಣ ಮುದ್ದಪ್ಪ ದರ್ಜಿ. ಬೇರೆ ಊರಿನ ದರ್ಜಿಗಳು ನಾಳೆ ಬಾ ನಾಳೆ ಬಾ ಅಂತ ಅಲೆಸುತ್ತಾರಂತೆ. ನಮ್ಮಣ್ಣ ರವಿಕೆ ಬಟ್ಟೆ ಕೈಗೆ ತಗೊಂಡು, ಶುಕ್ರವಾರಕ್ಕೆ ಆರಾಣೆ ಕಣಮ್ಮ ಅಂದುಬಿಡ್ತಿದ್ದ. ಶುಕ್ರವಾರ ಕೊಡ್ತಿರಲಿಲ್ಲ ಅನ್ನಿ, ಆದರೆ ಎಂಟಕ್ಕಿಂತ ಕಮ್ಮಿ ಅಂದದ್ದು ಆಗದೆ ಇದ್ದರೇ ಸಿಹಿ, ಹಾಗಾಗಿ ಅವನ ಬಾಯಿ ಮಾತ್ರ ಸಿಹಿಯಾಗೇ ಇರ್ತಿತ್ತು.

ಅವನ ಹೆಂಡತಿಯೇ ನಮ್ಮ ಅತ್ತಿಗೆ. ಊರಲ್ಲಿ ಯಾರಾದರೂ ಕಾಯಿಲೆ ಬಿದ್ದು ಜೀವದ ಮೇಲೆ ಬಂದಾಗ ಆಣೆ ಹೇಳೋಕೆ ಕರೆಯೋದು ಅವಳನ್ನೇ. ಹೋಗಿ ಪಕ್ಕ ಕೂರೋಳು. ಅಂಗಾಲು ಮುಟ್ಟೋಳು, ಮುಂಗೈ ಚರ್ಮ ಚಿವುಟಿ ಬಿಟ್ಟು ಅದು ಎಷ್ಟು ಹೊತ್ತಿಗೆ ಸಮ ಆಗುತ್ತೆ ಅಂತ ನೋಡೋಳು, ಒಂದು ಗುಟುಕು ನೀರು ಕುಡಿಸಿ ಗಂಟಲು ಇಳಿಯೋದನ್ನ ನೋಡೋಳು. ಆಮೇಲೆ ಎದ್ದು ಹೊರಗೆ ಬಂದು ಮನೆ ಯಜಮಾನನಿಗೆ ಮಾತ್ರ ಕೇಳೋ ಹಾಗೆ ಹೇಳೋಳು, ಇಷ್ಟಾಣೆ ಹೋಗ್ತಾರೆ ಅಂತ.

ಹನ್ನೊಂದಾಣೆಯೋ ಅದಕ್ಕೆ ಮೇಲೋ ಹೇಳಿದಳು ಅಂದರೆ ತಟ್ಟೆ ಮಗುಚೋದು. ಕಾಯಿಲೆಯವರು ಉಣ್ಣೋ ತಟ್ಟೆಯನ್ನ ತೊಳೆದು ಅವರ ತಲೆದೆಸೆಯಲ್ಲಿ ಬೋರಲಾಗಿ ಇಡೋದು. ಅಲ್ಲಿಂದ ಆಚೆಗೆ ಅನ್ನ ಇಲ್ಲ, ಗಂಜಿ ಇಲ್ಲ, ಕಷಾಯ ಇಲ್ಲ, ನೀರೂ ಇಲ್ಲ. ಒದ್ದೆ ಬಟ್ಟೆಯಲ್ಲಿ ತುಟಿ ಒರೆಸೋದು ಅಷ್ಟೆ. ಹೊರಟವರಿಗೆ ತುತ್ತು ತೋರಿಸಿ ಹಿಡಿದು ನಿಲ್ಲಿಸಬಾರದು, ನೆಮ್ಮದಿಯಾಗಿ ಹೋಗಲಿ ಅಂತ. ಇದನ್ನ ಕೇಳಿ ನೀವು ಮುಖ ಕಿವುಚಬೇಡಿ. ನಾವು ಕಟುಕರಲ್ಲ. ಕಣ್ಣೀರು ಸುರಿಸಿಕೊಂಡೇ ಮಗುಚ್ತಿದ್ದೆವು, ಕರುಣೆಯಿಂದಲೇ ಮಗುಚ್ತಿದ್ದೆವು.

ಅತ್ತಿಗೆಗೆ ಈ ವಿದ್ಯೆ ಒಂದೇ ಸಲಕ್ಕೆ ಬಂದದ್ದಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಹಿಂದೆ ಆಣೆ ಹೇಳ್ತಿದ್ದ ಒಬ್ಬ ಅಜ್ಜಿಯ ಜೊತೆ ಮನೆಮನೆ ತಿರುಗಿದಳು. ಅಜ್ಜಿ ಹೋದ ಮೇಲೆ ತಾನೇ ಹೇಳೋಕೆ ಶುರು ಮಾಡಿದಳು. ಆ ಮೊದಲ ವರ್ಷಗಳಲ್ಲಿ ಅವಳು ಪಟ್ಟ ಪಾಡು ನಾನು ನೋಡಿದ್ದೀನಿ. ಹನ್ನೊಂದಾಣೆ ಹೋಗ್ತಾರೆ ಅಂದವರು ಎದ್ದು ಕೂತು ಮುದ್ದೆ ಕೇಳೋರು, ಇವಳು ನಮ್ಮ ಹಿತ್ತಿಲಲ್ಲಿ ಬಾಯಿ ಮುಕ್ಕಳಿಸಿ ಮುಕ್ಕಳಿಸಿ ಸುಸ್ತಾಗೋಳು. ಹೋಗ್ತಾ ಹೋಗ್ತಾ ಕೈ ಕುದುರಿತು. ಹನ್ನೊಂದು ಹನ್ನೆರಡಾಯ್ತು, ಹದಿನಾಲ್ಕಾಯ್ತು, ಆಮೇಲೆ ಹದಿನೈದಾಣೆ ಅಂತ ಕಣ್ಣು ಮಿಟುಕಿಸದೆ ಹೇಳೋ ಹಾಗಾದಳು. ಹೇಳಿದ್ದು ತಪ್ಪಲೇ ಇಲ್ಲ. ಕಹಿ ಅಂದರೆ ಏನು ಅಂತ ಮರೆತೇಹೋಗಿದ್ದಳು. ಊರಲ್ಲಿ ಅವಳನ್ನ ಸಿಹಿಬಾಯಮ್ಮ ಅಂತ ಕರೆಯೋರು, ಎದುರು ಬಂದರೆ ದೊಡ್ಡವರೂ ದಾರಿ ಬಿಡೋರು. ನನಗೂ ಹೆಮ್ಮೆಯೇ, ಸುಳ್ಳು ಯಾಕೆ ಹೇಳಲಿ.

ಆ ವರ್ಷ ಬೇಸಿಗೆಯಲ್ಲಿ ವಾಂತಿಭೇದಿ ಶುರುವಾಯ್ತು. ಪ್ರತಿ ಬೇಸಿಗೆಗೂ ಬರೋದೇ, ನಾಲ್ಕಾರು ಮನೆ ಮುಟ್ಟಿಕೊಂಡು ಹೋಗೋದೇ. ಆ ಸಲ ನಮ್ಮ ಮನೆಗೇ ಬಂತು. ಅಣ್ಣ ಬೆಳಗ್ಗೆ ಹೊಲಿಗೆ ಮಿಷನ್ ಮುಂದೆ ಕೂತವನು ಮಧ್ಯಾಹ್ನಕ್ಕೆ ಹಾಸಿಗೆ ಹಿಡಿದ. ಮಾರನೇ ದಿನಕ್ಕೆ ಕಣ್ಣು ಒಳಗೆ ಹೋಗಿ, ಕೆನ್ನೆ ಗುಳಿಬಿದ್ದು, ಗುರುತೇ ಸಿಗದ ಹಾಗಾದ. ನನ್ನ ಗಂಡ ತೀರಿಕೊಂಡು ನಾನು ಒಂದು ಟ್ರಂಕು ಹಿಡಿದು ಬಂದು ಬಾಗಿಲಲ್ಲಿ ನಿಂತಾಗ, ಒಂದು ಮಾತೂ ಕೇಳದೆ ಟ್ರಂಕು ಇಸಿದುಕೊಂಡು ಒಳಗೆ ಕರೆದವನು ಅವನು. ನನಗೆ ದಿಕ್ಕೇ ತೋಚಲಿಲ್ಲ.

ಅತ್ತಿಗೆ ಮೊದಲ ದಿನ ಏನೂ ಹೇಳಲಿಲ್ಲ. ಜನ ಬಂದು ಜಗಲಿ ಮೇಲೆ ಕೂತರು. ಕೇಳಲೂ ಆರರು, ಕೇಳದೆ ಎದ್ದು ಹೋಗಲೂ ಆರರು. ಎರಡನೇ ದಿನ ಅವಳು ಗಂಡನ ಪಕ್ಕ ಕೂತು, ಬೇರೆ ಮನೆಯವರಿಗೆ ನೋಡೋ ಹಾಗೇ ಅಂಗಾಲು ನೋಡಿದಳು, ಮುಂಗೈ ಚಿವುಟಿದಳು, ನೀರು ಕುಡಿಸಿ ಗಂಟಲು ನೋಡಿದಳು. ಕುಡಿಸಿದ್ದು ಹಾಗೇ ಆಚೆ ಬಂತು. ಎದ್ದು ಬಂದು ನಡುಮನೆ ಕಂಬ ಹಿಡಿದು ನಿಂತು, ಹದಿನೈದಾಣೆ ಅಂದಳು. ಯಾರ ಮುಖವನ್ನೂ ನೋಡಲಿಲ್ಲ. ಅಡುಗೆಮನೆಗೆ ಹೋಗಿ ಅಣ್ಣನ ಕಂಚಿನ ತಟ್ಟೆಯನ್ನ ತಾನೇ ಬೂದಿ ಹಾಕಿ ಉಜ್ಜಿ, ತೊಳೆದು, ತಾನೇ ತಂದು ಅವನ ತಲೆದೆಸೆಯಲ್ಲಿ ಮಗುಚಿದಳು. ಬೇಡ ಅತ್ತಿಗೆ ಅನ್ನೋ ಮಾತು ನನ್ನ ಬಾಯಿಗೆ ಬರಲೇ ಇಲ್ಲ. ಅವಳಿಗಿಂತ ನನಗೆ ಏನು ಗೊತ್ತು?

ಅವಳ ಸೊಸೆ ಇಂದುಮತಿ ಬೆಟ್ಟದಾಚೆ ಊರಿನ ಹುಡುಗಿ. ಅಣ್ಣನ ಮಗ ಶಂಭುವನ್ನ ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಬಂದ ಹೊಸದರಲ್ಲಿ ಅವಳು ಕಹಿ ಉಂಡದ್ದು ಅಷ್ಟಿಷ್ಟಲ್ಲ. ಹಬ್ಬಕ್ಕೆ ನಮ್ಮಪ್ಪ ಖಂಡಿತ ಬರ್ತಾರೆ ಅಂತ ಹೇಳಿಬಿಟ್ಟು, ಅವರು ಬರದೆ, ಒಬ್ಬಟ್ಟು ಬಾಯಿಗೆ ಇಟ್ಟುಕೊಳ್ಳೋಕೂ ಆಗದೆ ಅತ್ತಿದ್ದಳು. ಆಣೆ ಕಟ್ಟಿ ಮಾತಾಡೋದು ಅವಳಿಗೆ ಇನ್ನೂ ಒಗ್ಗಿರಲಿಲ್ಲ. ತಟ್ಟೆ ಮಗುಚೋದನ್ನ ಅವಳು ನೋಡಿದ್ದು ಅವತ್ತೇ ಮೊದಲು. ಬಾಗಿಲ ಸಂದಿಯಲ್ಲಿ ನಿಂತು ಎಲ್ಲಾ ನೋಡಿ, ಸ್ವಲ್ಪ ಹೊತ್ತಾದ ಮೇಲೆ ಅತ್ತಿಗೆ ಹತ್ತಿರ ಬಂದಳು.

"ಮಾವ ನೀರು ಕೇಳ್ತಿದ್ದಾರೆ ಅತ್ತೆ," ಅಂದಳು.

"ಕೇಳ್ತಾರೆ ಮಗ. ಎಲ್ಲರೂ ಕೇಳ್ತಾರೆ," ಅಂದಳು ಅತ್ತಿಗೆ.

ತಟ್ಟೆ ಮಗುಚಿದ ಮೇಲೆ ಮನೆಯವರು ಕಾಯಿಲೆಯವರ ಮುಂದೆ ಗುಂಪುಗೂಡಬಾರದು. ಗಂಡಸರು ಜಗಲಿಗೆ, ಹೆಂಗಸರು ನಡುಮನೆಗೆ. ಒಬ್ಬರು ಮಾತ್ರ ಒಳಗಿದ್ದು ತುಟಿ ಒರೆಸಬೇಕು. ಅದು ಮನೆಯ ಕಿರಿ ಸೊಸೆಯ ಪಾಲಿನ ಕೆಲಸ. ಹೀಗಾಗಿ ಇಂದುಮತಿ ಒಳಗೆ ಉಳಿದಳು, ನಾವೆಲ್ಲ ಹೊರಗೆ ಕೂತೆವು. ಶಂಭು ಗಂಡಸರ ಜೊತೆ ತಲೆ ಬಗ್ಗಿಸಿ ಕೂತಿದ್ದ. ಗೋಡೆಗೆ ಒರಗಿ ಕೂತ ಅತ್ತಿಗೆಗೆ ನಿದ್ದೆಯಿಲ್ಲ ಊಟವಿಲ್ಲ. ಆಗಾಗ ನಾಲಿಗೆಯನ್ನ ಬಾಯೊಳಗೇ ಸವರಿಕೊಳ್ಳೋಳು. ಸಿಹಿ ಯಾವಾಗ ಬರುತ್ತೋ ಅಂತ ಕಾಯ್ತಿದ್ದಳು. ಗಂಡ ಸತ್ತ ಸುದ್ದಿ ಸಿಹಿಯಾಗಿ ಬರೋದನ್ನ ಕಾಯ್ತಾ ಕೂರೋದು ಅಂದರೆ ಏನು ಅಂತ ಯೋಚನೆ ಮಾಡಿ ನೋಡಿ. ನನಗೆ ಅವಳ ಕಡೆ ನೋಡೋ ಧೈರ್ಯ ಇರಲಿಲ್ಲ.

ಎಷ್ಟು ಹೊತ್ತಾದರೂ ಬರಲಿಲ್ಲ. ದಿನ ಕಳೀತು, ಮತ್ತೊಂದು ದಿನವೂ ಕಳೀತು. ಗಟ್ಟಿ ಜೀವ ಅಂತ ಜಗಲಿ ಮೇಲೆ ಮಾತಾಡಿಕೊಂಡರು. ಅದರ ಮಾರನೇ ಬೆಳಗ್ಗೆ ಪಕ್ಕದ ಮನೆಯವರು ಕಾಫಿ ತಂದುಕೊಟ್ಟರು. ನಾನು ಬಲವಂತ ಮಾಡಿ ಅತ್ತಿಗೆ ಕೈಗೆ ಲೋಟ ಕೊಟ್ಟೆ. ಒಂದು ಗುಟುಕು ಕುಡಿದಳು, ಎರಡನೇ ಗುಟುಕಿಗೆ ಮುಖ ಒಂಥರಾ ಆಯ್ತು. ಲೋಟ ಕೆಳಗಿಟ್ಟು ಸೆರಗಿಗೆ ಉಗುಳಿದಳು. ಹಾಲು ಒಡೆದಿದೆ ಕಣೆ ಸಾಕಿ, ಅಂದಳು ನನಗೆ. ನಾನು ನನ್ನ ಲೋಟದ್ದನ್ನ ಕುಡಿದು ನೋಡಿದೆ. ಹಾಲು ಚೆನ್ನಾಗೇ ಇತ್ತು.

ಅಷ್ಟು ಹೊತ್ತಿಗೆ ಅವಳಿಗೆ ತಿಳಿದುಹೋಗಿತ್ತು. ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡು ಮುಂದಕ್ಕೆ ಬಗ್ಗಿದಳು. ಹದಿನೈದಾಣೆ ಕಹಿ ಅಂದರೆ ಅದು ಬಾಯಲ್ಲಿ ನಿಲ್ಲೋದಲ್ಲ, ಗಂಟಲು, ಮೂಗು, ಕಣ್ಣು ಎಲ್ಲಾ ಉರಿದು ಬರುತ್ತಂತೆ. ನಡುಮನೆಯಲ್ಲಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಒಳಗಿನ ಕೋಣೆಯಿಂದ ಅಣ್ಣನ ದನಿ ಬಂತು. ಒಣಗಿದ ದನಿ, ಆದರೆ ಅವನದೇ. ಉಪ್ಪಿನಕಾಯಿ ಇಲ್ವೇನಮ್ಮ, ಬರೀ ಸಪ್ಪೆ ಗಂಜಿ ಎಷ್ಟೂಂತ ಕುಡಿಯೋದು ಅಂತಿದ್ದ.

ನಾನು ಒಳಗೆ ಓಡಿದೆ. ಅಣ್ಣ ಗೋಡೆಗೆ ದಿಂಬು ಕೊಟ್ಟುಕೊಂಡು ಅರ್ಧ ಎದ್ದು ಕೂತಿದ್ದ. ಕಂಚಿನ ತಟ್ಟೆ ಅವನ ತೊಡೆ ಮೇಲೆ ಅಂಗಾತ ಇತ್ತು, ಅದರಲ್ಲಿ ಗಂಜಿ. ಇಂದುಮತಿ ಚಮಚ ಹಿಡಿದುಕೊಂಡವಳು ನನ್ನನ್ನ ಕಂಡು ತಟ್ಟೆಗೆ ಸೆರಗು ಅಡ್ಡ ಹಿಡಿದಳು. ಬೈಯ್ತೀನಿ ಅಂದುಕೊಂಡಳೋ ಏನೋ. ಅಣ್ಣನ ಕಾಲು ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ. ಕಾಲು ಬೆಚ್ಚಗಿತ್ತು.

ಅತ್ತಿಗೆ ಬಾಗಿಲಿಗೆ ಬಂದು ನಿಂತಳು. ಗಂಡನನ್ನ ನೋಡಿದಳು, ತಟ್ಟೆಯನ್ನ ನೋಡಿದಳು. ಗಂಡ ಬದುಕಿದ ಅಂತ ಅಳಬೇಕಿತ್ತು, ಇಲ್ಲ ನಗಬೇಕಿತ್ತು. ಎರಡೂ ಮಾಡಲಿಲ್ಲ. ಏನು ಕೊಟ್ಟೆ ಅಂತ ಸೊಸೆಯನ್ನ ಕೇಳಿದಳು. ಬೆಟ್ಟದಾಚೆಯ ಯಾವುದೋ ಬೇರು, ಯಾವುದೋ ಮಂತ್ರ ಅಂತ ಹುಡುಗಿ ಹೇಳಲಿ ಅಂತ ಅವಳ ಕಣ್ಣು ಬೇಡಿಕೊಳ್ತಿತ್ತು. ಇದು ನನಗೆ ಆಮೇಲೆ ಹೊಳೆದದ್ದು.

"ಏನೂ ಇಲ್ಲ ಅತ್ತೆ," ಅಂದಳು ಇಂದುಮತಿ. "ನೀರು. ಉಪ್ಪು ಹಾಕಿದ ಗಂಜಿ. ಕಕ್ಕಿದಾಗೆಲ್ಲ ಮತ್ತೆ ಕೊಟ್ಟೆ. ಅಷ್ಟೆ."

ಅಷ್ಟೆ ಅನ್ನೋ ಮಾತಿಗೆ ಅತ್ತಿಗೆ ಬಾಗಿಲ ಚೌಕಟ್ಟು ಹಿಡಿದುಕೊಂಡೇ ಕೆಳಗೆ ಜಾರಿ ಕೂತಳು.

ಊರು ಸೇರಿದ್ದು ಆಗ. ಮೊದಲು ಯಾರಿಗೂ ನಂಬಿಕೆ ಬರಲಿಲ್ಲ. ಸಿಹಿಬಾಯಮ್ಮನಿಗೆ ಕಹಿಯಾ ಅಂತ ಬಾಯಿ ಬಿಟ್ಟುಕೊಂಡು ನಿಂತರು. ಆಮೇಲೆ ಊರಿನ ದೊಡ್ಡವರು ಬಂದು ಜಗಲಿ ಮೇಲೆ ಕೂತು ಸಮಾಧಾನ ಹೇಳಿದರು. ನಮ್ಮ ಊರಿನವರು ಆಣೆ ಲೆಕ್ಕದಲ್ಲಿ ಪಳಗಿದವರಲ್ಲವೇ, ಅವರಿಗೆ ಉತ್ತರ ನಾಲಿಗೆ ತುದಿಯಲ್ಲೇ ಇತ್ತು. ನೀನು ಹದಿನೈದು ಅಂದೆ, ಹದಿನಾರು ಅನ್ನಲಿಲ್ಲ. ಒಂದಾಣೆ ಉಳಿಸಿದ್ದೆ. ಅಷ್ಟು ಜನರಲ್ಲಿ ಒಬ್ಬ ಉಳಿಯೋದು ನ್ಯಾಯವಾಗೇ ಇದೆ. ಆ ಒಂದಾಣೆ ನಿನ್ನ ಮನೆಗೇ ಬಂತು, ನಿನ್ನ ಪುಣ್ಯ. ಬಾಯಿ ಮುಕ್ಕಳಿಸಿ ಒಂದು ತುತ್ತು ಉಣ್ಣು. ಎಲ್ಲರೂ ಹೌದು ಹೌದು ಅಂದರು. ನನಗೂ ಎದೆ ಹಗುರಾಯ್ತು. ಮಾತು ತೂಕವಾಗೇ ಇತ್ತಲ್ಲ.

ಅತ್ತಿಗೆ ಮಾತ್ರ ಒಪ್ಪಲಿಲ್ಲ. ಒಪ್ಪಲಿಲ್ಲ ಅಂತ ಅವರ ಮುಂದೆ ಹೇಳಲೂ ಇಲ್ಲ. ಮೂರ್ನಾಲ್ಕು ದಿನ ಮಂಕು ಬಡಿದವಳ ಹಾಗೆ ಇದ್ದಳು. ಅಣ್ಣ ಚೇತರಿಸಿಕೊಂಡು ಮಿಷನ್ ಮುಂದೆ ಕೂರೋ ಹಾಗಾದ. ಹೆಂಡತಿ ತನ್ನ ತಟ್ಟೆ ಮಗುಚಿದ್ದಕ್ಕೆ ಅವನಿಗೆ ಬೇಜಾರಿರಲಿಲ್ಲ, ನೀನಾದರೂ ಏನು ಮಾಡ್ತೀಯ, ಆಣೆ ಹಂಗಿತ್ತು ಅಂತ ಅವಳನ್ನೇ ಸಮಾಧಾನ ಮಾಡಿದ. ಒಂದು ಮಧ್ಯಾಹ್ನ ನಾನೂ ಅವಳೂ ಹಿತ್ತಿಲಲ್ಲಿ ಹುಣಸೆಹಣ್ಣು ಬಿಡಿಸ್ತಾ ಕೂತಿದ್ದೆವು. ಕೈಯಲ್ಲಿದ್ದ ಹಣ್ಣನ್ನ ಹಾಗೇ ಹಿಡಿದುಕೊಂಡು ಅತ್ತಿಗೆ ಮಾತಾಡಿದಳು.

"ಆ ಮೊದಲಿನ ವರ್ಷಗಳಲ್ಲಿ ನನಗೆ ಅಷ್ಟೊಂದು ಕಹಿ ಬರ್ತಿತ್ತಲ್ಲ ಸಾಕಿ, ಆವಾಗ ನನ್ನ ಮಾತು ಕೇಳಿ ಯಾರೂ ತಟ್ಟೆ ಮಗುಚ್ತಿರಲಿಲ್ಲ. ಹೊಸ ಹುಡುಗಿ, ಇವಳದೇನು ಅಂತ ಗಂಜಿ ಕೊಡ್ತಾನೇ ಇದ್ರು. ನನ್ನ ಹೆಸರಾದ ಮೇಲೆ ಮಗುಚೋಕೆ ಶುರು ಮಾಡಿದ್ರು. ಕಹಿ ನಿಂತಿದ್ದು ಆವಾಗ."

ಮೊದಲು ನನಗೆ ತಲೆಗೆ ಹೋಗಲಿಲ್ಲ. ಹೋದಾಗ ಕೈಯಲ್ಲಿದ್ದ ಹುಣಸೆಹಣ್ಣು ಕೆಳಗಿಟ್ಟೆ. ಇಷ್ಟು ವರ್ಷ ಅವಳ ಕೈ ಕುದುರಿತು ಅಂತ ನಾವು ತಿಳಿದಿದ್ದೆವಲ್ಲ, ಅದು ಕುದುರಿದ್ದಲ್ಲ. ಅವಳು ಹೋಗ್ತಾರೆ ಅಂತಿದ್ದಳು, ನಾವು ನೀರು ನಿಲ್ಲಿಸ್ತಿದ್ದೆವು, ಅವರು ಹೋಗ್ತಿದ್ದರು, ಇವಳ ಬಾಯಿ ಸಿಹಿಯಾಗ್ತಿತ್ತು. ಸಿಹಿಯಾದಷ್ಟೂ ಆಣೆ ಏರಿಸ್ತಿದ್ದಳು. ತಟ್ಟೆ ಮಗುಚದೆ ಇದ್ದವರು ಏನಾಗ್ತಿದ್ದರು ಅಂತ ನೋಡೋಕೆ ಅವಳಿಗೆ ನಾವು ಒಬ್ಬರನ್ನೂ ಉಳಿಸಿರಲಿಲ್ಲ. ನಾಲಿಗೆ ಸುಳ್ಳು ಹೇಳಿರಲಿಲ್ಲ. ಹೇಳಿದ್ದು ಆಯ್ತು ಅಂತ ಅಷ್ಟೇ ಅದು ಹೇಳಿದ್ದು. ಯಾಕೆ ಆಯ್ತು ಅಂತ ನಾವು ಕೇಳಿರಲಿಲ್ಲ.

ಹಂಗೇ ಇರಬೇಕು ಅಂತೇನಿದೆ, ಊರಿನವರು ಹೇಳಿದ ಒಂದಾಣೆಯೂ ಇರಬಹುದಲ್ಲ ಅಂತ ನಾನು ಅಂದೆ. ಇರಬಹುದು, ಅದನ್ನ ತಿಳಿಯೋಕೆ ಇನ್ನೊಬ್ಬರು ಕಾಯಿಲೆ ಬೀಳಬೇಕಲ್ಲ ಅಂದಳು. ಅವಳ ಮುಖ ನೋಡಿ ನನಗೆ ಹೆದರಿಕೆಯಾಯ್ತು.

ಬಹಳ ದಿನ ಕಾಯಬೇಕಾಗಲಿಲ್ಲ. ಚಾಪೆ ಹೆಣೆಯೋ ಮರಿಸ್ವಾಮಿಯ ಮಗಳು ದೇವೀರಿಗೆ ಅದೇ ವಾಂತಿಭೇದಿ ಅಂತ ಕರೆ ಬಂತು. ಮರಿಸ್ವಾಮಿಯ ಹೆಂಡತಿ ಸಿದ್ದಮ್ಮ ಹೋಗಿದ್ದು ಹಿಂದಿನ ಬೇಸಿಗೆಯಲ್ಲಿ, ಇದೇ ಕಾಯಿಲೆಯಲ್ಲಿ. ಮನೆಯಲ್ಲಿ ಉಳಿದದ್ದು ಅಪ್ಪ ಮಗಳು ಇಬ್ಬರೇ. ಹುಡುಗಿ ಮದುವೆಗೆ ಬಂದಿದ್ದಳು, ಎಲ್ಲೋ ಗಂಡು ನೋಡಿದ್ದರು ಕೂಡ. ಬನ್ನಿ ಅಂತ ಅತ್ತಿಗೆ ಇಂದುಮತಿಯನ್ನೂ ನನ್ನನ್ನೂ ಕರೆದುಕೊಂಡೇ ಹೊರಟಳು. ಹಿಂದೆಲ್ಲ ಒಬ್ಬಳೇ ಹೋಗ್ತಿದ್ದಳು.

ಹುಡುಗಿಯ ಸ್ಥಿತಿ ಅಣ್ಣನಿಗಿಂತ ಬೇರೆ ಏನಿರಲಿಲ್ಲ. ಅತ್ತಿಗೆ ಎಲ್ಲಾ ನೋಡಿದಳು. ಹೊರಗೆ ಬಂದಾಗ ಮರಿಸ್ವಾಮಿ ಕೈಕಟ್ಟಿ ನಿಂತಿದ್ದ. ಹೇಳದೆ ಇರೋ ಹಾಗಿಲ್ಲ. ಸುಳ್ಳು ಆಣೆ ಹೇಳೋದು ಅವಳ ಜಾಯಮಾನದಲ್ಲೇ ಇಲ್ಲ. ಹದಿನಾಲ್ಕಾಣೆ ಅಂತಿದೆ ನನ್ನ ಕಣ್ಣು, ಅಂದಳು. ಮರಿಸ್ವಾಮಿ ಒಂದು ಸಲ ಕಣ್ಣು ಮುಚ್ಚಿಕೊಂಡ. ಆಮೇಲೆ ಅಡುಗೆ ಮೂಲೆಗೆ ಹೋಗಿ ಮಗಳ ತಟ್ಟೆ ಎತ್ತಿಕೊಂಡ. ಅತ್ತಿಗೆ ಹೋಗಿ ಅವನ ಮಣಿಕಟ್ಟು ಹಿಡಿದುಕೊಂಡಳು.

ಅವನು ಬಿಡಿಸಿಕೊಳ್ಳೋಕೆ ನೋಡಿದ. ನೀನೇ ಹೇಳಿದ ಮೇಲೆ ಅವಳನ್ನ ಇನ್ನೂ ಯಾಕಕ್ಕ ನೋಯಿಸೋದು, ಅವಳವ್ವನಿಗೆ ಮಾಡಿದ ಹಾಗೇ ಮಾಡಿ ಕಳಿಸ್ತೀನಿ ಅಂದ. ಅತ್ತಿಗೆ ಕೈ ಬಿಡಲಿಲ್ಲ. ಆಣೆ ಹೇಳೋದು ನನ್ನ ಕೆಲಸ, ಅದನ್ನ ಸುಳ್ಳು ಮಾಡೋಕೂ ನನಗೆ ಬಿಡು ಅಂದಳು. ಇಂಥ ಮಾತನ್ನ ನಮ್ಮೂರಲ್ಲಿ ಯಾರೂ ಆಡಿದ್ದಿಲ್ಲ. ಮರಿಸ್ವಾಮಿ ಗರಬಡಿದವನ ಹಾಗೆ ನಿಂತ. ಆ ಹೊತ್ತಿಗೆ ಇಂದುಮತಿ ಒಲೆ ಹಚ್ಚಿ ಗಂಜಿಗೆ ಇಟ್ಟಿದ್ದಳು.

ಅಲ್ಲಿಂದ ಅತ್ತಿಗೆ ಆ ಹುಡುಗಿ ಪಕ್ಕ ಬಿಟ್ಟು ಏಳಲಿಲ್ಲ. ಚಮಚ ಚಮಚವಾಗಿ ಕುಡಿಸೋದು, ಹುಡುಗಿ ಕಕ್ಕೋದು, ಒರೆಸಿ ಮತ್ತೆ ಕುಡಿಸೋದು. ನಾವು ಕೈ ಬದಲಿಸ್ತೀವಿ ಅಂದರೆ ಕೇಳ್ತಿರಲಿಲ್ಲ. ಊರಿನವರು ಬಾಗಿಲವರೆಗೂ ಬಂದು ನೋಡಿ ಮೂಗಿನ ಮೇಲೆ ಬೆರಳಿಟ್ಟುಕೊಂಡು ಹೋದರು. ಸಿಹಿಬಾಯಮ್ಮನಿಗೆ ತಲೆ ಕೆಟ್ಟಿದೆ, ತನ್ನ ಮಾತನ್ನ ತಾನೇ ಮುರೀತಿದ್ದಾಳೆ ಅಂದರು. ನಿಜಕ್ಕೂ ಅವಳು ಕಹಿಗಾಗಿ ಹರಕೆ ಹೊತ್ತವಳ ಹಾಗೆ ಕೂತಿದ್ದಳು. ಸಿಹಿ ಬಂದರೆ ಹುಡುಗಿ ಹೋದಳು, ಕಹಿ ಬಂದರೆ ಉಳಿದಳು. ಕಹಿ ಬಂದರೆ ಇನ್ನೇನೇನು ನಿಜವಾಗುತ್ತೆ ಅಂತಲೂ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಕುಡಿಸಿದಳು.

ಕಹಿ ಬಂದದ್ದು ಒಂದು ಸಂಜೆ, ದೀಪ ಹಚ್ಚೋ ಮುಂಚೆ. ಚಮಚ ಹಿಡಿದ ಕೈ ನಿಂತಿತು. ಬಗ್ಗಿ ನೆಲಕ್ಕೆ ಉಗುಳಿ, ಕಣ್ಣಲ್ಲಿ ನೀರು ತುಂಬಿಕೊಂಡು ನನ್ನ ಕಡೆ ತಿರುಗಿ ತಲೆಯಾಡಿಸಿದಳು. ಬಂತು ಅಂತ. ದೇವೀರಿ ಕಣ್ಣು ಬಿಟ್ಟು ಯಾರು ಅಂತ ಕೇಳಿದಳು. ಇಂದುಮತಿ ಹುಡುಗಿಯ ತಲೆ ಸವರಿ ಜೋರಾಗಿ ಅತ್ತುಬಿಟ್ಟಳು. ನಾನು ಹೊರಗೆ ಹೋಗಿ ಮರಿಸ್ವಾಮಿಯನ್ನ ಕರೆದೆ, ನಿನ್ನ ಮಗಳು ಉಳಿದಳು ಬಾ ಅಂತ.

ಅವನು ಒಳಗೆ ಬಂದು ಮಗಳ ಪಕ್ಕ ಕುಕ್ಕುರುಗಾಲಲ್ಲಿ ಕೂತ. ಹಣೆ ಮುಟ್ಟಿದ, ಕೈ ಮುಟ್ಟಿದ. ಮುಖ ಅರಳಿತು. ಆ ಗಂಡಸು ಹಾಗೆ ನಕ್ಕಿದ್ದನ್ನ ವರ್ಷದಿಂದ ಯಾರೂ ನೋಡಿರಲಿಲ್ಲ. ಅತ್ತಿಗೆ ಕಾಲಿಗೆ ಬೀಳೋಕೆ ಹೋದ, ಅವಳು ಹಿಂದಕ್ಕೆ ಸರಿದಳು. ಗಂಜಿಗೆ ಏನು ಹಾಕಿದ್ದೆ ಅಕ್ಕ ಅಂತ ಕೇಳಿದ. ಉಪ್ಪು ಅಂದಳು. ಬೇರೆ ಏನು ಅಂದ. ಬೇರೆ ಏನೂ ಇಲ್ಲ ಅಂದಳು. ಅವನು ಇನ್ನೂ ನಗ್ತಾನೇ ಇದ್ದ. ನಗ್ತಾ ನಗ್ತಾ ಗಂಜಿ ಪಾತ್ರೆ ಕಡೆ ನೋಡಿದ, ಮಗಳ ಕಡೆ ನೋಡಿದ, ಆಮೇಲೆ ಆ ನಗು ಮುಖದ ಮೇಲೆ ಹಾಗೇ ಉಳಿದುಕೊಂಡು ಕಣ್ಣು ಬೇರೆಯಾಯ್ತು. ಇಷ್ಟು ಹತ್ತಿರದಲ್ಲಿ ಒಬ್ಬ ಮನುಷ್ಯನಿಗೆ ಒಂದು ವಿಷಯ ತಿಳಿಯೋದನ್ನ ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಇನ್ನು ನೋಡೋದೂ ಬೇಡ.

"ಹಂಗಾದ್ರೆ ಇವಳವ್ವ?" ಅಂದ.

ಅತ್ತಿಗೆ ಚಮಚ ಕೆಳಗಿಟ್ಟಳು.

"ಅವಳೂ ಇದೇ ಜಾಗದಲ್ಲಿ ಮಲಗಿದ್ಲು. ಇದೇ ಕಾಯಿಲೆ. ನೀನು ಹದಿನೈದು ಅಂದೆ, ನಾನು ಮಗುಚಿದೆ. ನೀರು ಅಂತ ಕೈ ಹಿಡ್ಕೊಂಡ್ಲು ಚೆನ್ನಾಜಕ್ಕ. ನಾನು ಕೈ ಬಿಡಿಸ್ಕೊಂಡೆ, ಅವಳಿಗೆ ಒಳ್ಳೇದಾಗ್ಲಿ ಅಂತ. ಕೊಟ್ಟಿದ್ರೆ ಎಷ್ಟಾಣೆ?"

ಅವಳು ಒಂದಾಣೆ ಅಂತ ಹೇಳಬಹುದಿತ್ತು. ಊರಿನ ದೊಡ್ಡವರು ಆ ಮಾತನ್ನ ಅವಳಿಗೆ ಆಗಲೇ ರೆಡಿ ಮಾಡಿ ಕೊಟ್ಟಿದ್ದರು. ಯಾರೂ ತಪ್ಪು ಹಿಡಿಯೋ ಹಾಗಿರಲಿಲ್ಲ. ನಾನು ಅವಳ ಸೆರಗು ಜಗ್ಗಿದೆ, ಒಂದು ಅನ್ನು ಅಂತ. ಅವಳು ಮರಿಸ್ವಾಮಿಯ ಮುಖವನ್ನೇ ನೋಡ್ತಾ, ಬೇರೆ ಮನೆಗಳಲ್ಲಿ ಹೇಳ್ತಿದ್ದ ಅದೇ ತಗ್ಗಿದ ದನಿಯಲ್ಲಿ, ಹನ್ನೆರಡಾಣೆ ಬದುಕ್ತಿದ್ಲು ಅಂದಳು.

ಅವನು ಅವಳ ಬಾಯನ್ನೇ ನೋಡ್ತಾ ಕೂತ. ನಮ್ಮೂರಿನವನಲ್ಲವೇ, ಸಿಹಿಯೋ ಕಹಿಯೋ ಅಂತ ಕಾಯೋದು ಅವನಿಗೆ ಹುಟ್ಟಿನಿಂದ ಬಂದದ್ದು. ನಾನೂ ಕಾದೆ. ಸ್ವಲ್ಪ ಹೊತ್ತಾದ ಮೇಲೆ, ಏನು ಬಂತು ಅಂತ ಕೇಳಿದ.

"ಇದಕ್ಕೆ ಏನೂ ಬರಲ್ಲ ಕಣಪ್ಪ," ಅಂದಳು ಅತ್ತಿಗೆ. "ಯಾವತ್ತೂ ಬರಲ್ಲ."

ಮರಿಸ್ವಾಮಿ ಅಳಲಿಲ್ಲ, ಬೈಯಲಿಲ್ಲ. ತನ್ನ ಎರಡೂ ಕೈಯನ್ನ ಮುಂದೆ ಚಾಚಿ, ಬಲಗೈ ಮಣಿಕಟ್ಟನ್ನ ಎಡಗೈಯಲ್ಲಿ ಮುಟ್ಟಿ ನೋಡಿಕೊಂಡ. ಸಿದ್ದಮ್ಮ ಹಿಡಿದುಕೊಂಡದ್ದು ಅಲ್ಲಿ ಅಂತ ಕಾಣುತ್ತೆ. ಅಪ್ಪಾ ನೀರು ಅಂತ ದೇವೀರಿ ಕರೆದಳು. ಅವನಿಗೆ ಕೇಳಿಸಿತು, ಕಣ್ಣು ಆ ಕಡೆ ಹೊರಳಿತು, ಆದರೆ ಏಳೋಕೆ ಆಗಲಿಲ್ಲ. ಮತ್ತೊಂದು ಸಲ ಕರೆದಳು. ನಾನೇ ಎದ್ದು ಹೋಗಿ ಕುಡಿಸಿದೆ.